ಯಾರಿಗೂ ಚಿತ್ರ ಬರಲ್ಲ, ಬೀದಿ ಗೋಡೆಗೆ ಅಕ್ಕಪಕ್ಕದೋರನ್ನ ಹೇಗೆ ಕರೆಯೋದು?

ಪ್ರಶ್ನೆ: ನಮ್ಮ ಬೀದಿ ಗೋಡೆ ಮೇಲೆ ಎಲ್ರೂ ಸೇರಿ ಚಿತ್ರ ಮಾಡೋಣ ಅಂತ ಗ್ರೂಪಲ್ಲಿ ಮೆಸೇಜ್ ಹಾಕಿದೆ. ಎಲ್ರೂ ಸೂಪರ್ ಅಂದ್ರು, ಬರೋಕೆ ಮಾತ್ರ ಯಾರೂ ರೆಡಿ ಇಲ್ಲ, ಡ್ರಾಯಿಂಗ್ ಬರಲ್ಲ ಅಂತಾರೆ. ಏನ್ ಮಾಡ್ಲಿ?

ಉತ್ತರ: ಇದನ್ನ ಹೇಳಿ ಹೇಳಿ ಸಾಕಾಗಿದೆ, ಆದ್ರೂ ಇನ್ನೊಂದ್ಸಲ ಹೇಳ್ತೀನಿ. ಗ್ರೂಪ್ ಮೆಸೇಜ್ ಬಿಡಿ, ಬಾಗಿಲು ತಟ್ಟಿ. "ಎಲ್ರೂ ಬನ್ನಿ" ಅಂದ್ರೆ ಯಾರನ್ನೂ ಕರೆದಂಗಾಗಲ್ಲ. "ಆಂಟಿ, ಭಾನುವಾರ ಬೆಳಿಗ್ಗೆ ಒಂದು ಗಂಟೆ ಹೊತ್ತು ಬನ್ನಿ, ಕೆಳಗಿನ ನೀಲಿ ಭಾಗ ನಿಮ್ದು" ಅಂತ ಕೇಳಿ ನೋಡಿ. ಗೋಡೆ ಯಾರ್ದೋ ಅವರ ಒಪ್ಪಿಗೇನ ಬರವಣಿಗೇಲಿ ತಗೊಳ್ಳಿ, ರಸ್ತೆಗೇ ಬಣ್ಣ ಹಚ್ಚೋದಾದ್ರೆ ಸ್ಥಳೀಯ ಆಡಳಿತದ ಪರ್ಮಿಷನ್ ಬೇಕೇ ಬೇಕು.

ಈಗ ಆ "ಡ್ರಾಯಿಂಗ್ ಬರಲ್ಲ" ವಿಷಯ. ಬೀದಿ ಚಿತ್ರಕ್ಕೆ ಬೀದಿ ತುಂಬಾ ಕಲಾವಿದರು ಬೇಕು ಅನ್ನೋದು ಶುದ್ಧ ಸುಳ್ಳು, ಇದನ್ನ ಎಷ್ಟು ಸಲ ಕಿತ್ತು ಹಾಕಿದ್ರೂ ಮತ್ತೆ ಚಿಗುರುತ್ತೆ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ 1976ರಲ್ಲಿ ಜೂಡಿ ಬಾಕಾ ಅನ್ನೋ ಕಲಾವಿದೆ ಒಂದು ಕಾಲುವೆ ಗೋಡೆ ಮೇಲೆ ಕ್ಯಾಲಿಫೋರ್ನಿಯಾದ ಚರಿತ್ರೆ ಬರೆಸೋಕೆ ಶುರು ಮಾಡಿದ್ರು, ಸುಮಾರು 840 ಮೀಟರ್ ಉದ್ದದ ಚಿತ್ರ ಅದು, ಐದು ಬೇಸಿಗೆ ಹಿಡೀತು, ಬಣ್ಣ ಹಚ್ಚಿದೋರು 400ಕ್ಕೂ ಹೆಚ್ಚು ಹುಡುಗ ಹುಡುಗಿಯರು, ಅವರಲ್ಲಿ ಎಷ್ಟೋ ಜನ ಪೊಲೀಸ್ ಕೇಸಲ್ಲಿ ಸಿಕ್ಕಿ ಬಂದೋರು. ಕಲಾ ಶಾಲೆಯಿಂದ ಆರಿಸಿ ತಂದ ತಂಡ ಅಲ್ಲ ಅದು!

ಕೆಲ್ಸ ಹೇಗೆ ನಡೆಯುತ್ತೆ ನೋಡಿ. ಚಿತ್ರ ಗೊತ್ತಿರೋ ಒಬ್ರು ಸಾಕು. ಅವರು ಸಣ್ಣ ಚಿತ್ರದ ಮೇಲೆ ಚೌಕ ಹಾಕ್ತಾರೆ, ಗೋಡೆ ಮೇಲೂ ಅಷ್ಟೇ ಚೌಕ ದೊಡ್ಡದಾಗಿ ಹಾಕ್ತಾರೆ, ಒಂದೊಂದು ಚೌಕದಲ್ಲಿ ಇರೋ ಗೆರೆ ನೋಡ್ಕೊಂಡು ಚಾಕ್‌ಪೀಸಲ್ಲಿ ಬರೀತಾರೆ, ಇಲ್ಲಾಂದ್ರೆ ಕತ್ತಲಾದ್ಮೇಲೆ ಪ್ರೊಜೆಕ್ಟರ್ ಇಟ್ಟು ಗೆರೆ ಎಳೀತಾರೆ. ಆಮೇಲೆ ಪ್ರತಿ ಭಾಗದೊಳಗೆ ಒಂದು ನಂಬರ್, ಅದೇ ನಂಬರ್ ಬಣ್ಣದ ಡಬ್ಬಿ ಮೇಲೆ. ನಾಲ್ಕು ಅಂತ ಬರೆದಿರೋ ಕಡೆ ನಾಲ್ಕನೇ ಡಬ್ಬಿ ಬಣ್ಣ, ಇಷ್ಟಕ್ಕೆ ಯಾವ ಡ್ರಾಯಿಂಗ್ ಬೇಕು? ಅಂಚು ಅಂಕುಡೊಂಕಾದ್ರೆ ಕೊನೇ ದಿನ ಒಬ್ರು ಸಣ್ಣ ಬ್ರಶ್ ಹಿಡಿದು ಸರಿ ಮಾಡ್ತಾರೆ. ಏಣಿ ಹತ್ತೋಕೆ, ಬಿಸಿಲಲ್ಲಿ ನಿಲ್ಲೋಕೆ ಆಗದವ್ರಿಗೂ ದಾರಿ ಇದೆ, ಅಮೆರಿಕದ್ದೇ ಫಿಲಡೆಲ್ಫಿಯಾದಲ್ಲಿ ತೆಳು ಬಟ್ಟೆ ಮೇಲೆ ಮೇಜಿನ ಹತ್ರ ಕೂತೇ ಜನ ಬಣ್ಣ ತುಂಬ್ತಾರೆ, ಆಮೇಲೆ ಆ ತುಂಡುಗಳನ್ನ ಅಕ್ರಿಲಿಕ್ ಜೆಲ್ ಅನ್ನೋ ಅಂಟು ಹಾಕಿ ಗೋಡೆಗೆ ಅಂಟಿಸ್ತಾರೆ. ಬಣ್ಣ ತುಂಬಿದ ಮನೆಯೋರು ಆಮೇಲೆ ಆ ಗೋಡೆ ಮುಂದೆ ನಿಂತು "ಇದು ನಂದು" ಅಂತ ತೋರ್ಸೋದನ್ನ ನೋಡೋಕೆ ನಂಗೆ ಇವತ್ತಿಗೂ ಭಾಳ ಖುಷಿ.

ಇನ್ನೊಂದು ವಿಷಯ, ಇದನ್ನ ಯಾರೂ ಕೇಳಲ್ಲ: ಚಿತ್ರ ಮಾಸಿದ್ಮೇಲೆ ಏನು? ಮೊದ್ಲು ಬೇಗ ಮಾಸದ ಹಾಗೆ ನೋಡ್ಕೊಳ್ಳಿ. ಗೋಡೆ ಹೊಸ ಪ್ಲಾಸ್ಟರ್ ಆದ್ರೆ ಒಂದು ತಿಂಗಳಾದ್ರೂ ಒಣಗೋಕೆ ಬಿಡಿ, ಅದರಲ್ಲಿರೋ ಕ್ಷಾರ ಬಣ್ಣವನ್ನ ಎಬ್ಬಿಸುತ್ತೆ. ಗೋಡೆ ಕೆಳಗಿಂದ ತೇವ ಏರ್ತಿದ್ರೆ ಮೊದ್ಲು ಅದನ್ನ ನಿಲ್ಸಿ, ಪ್ರೈಮರ್ ಹಾಕಿ, ಹೊರಗೋಡೆಗೆ ಅಂತಲೇ ಇರೋ ಅಕ್ರಿಲಿಕ್ ತಗೊಳ್ಳಿ. ರಸ್ತೆ ಮೇಲಿನ ಬಣ್ಣ ಚಕ್ರ ಉಜ್ಜಿ ಇನ್ನೂ ಬೇಗ ಹೋಗುತ್ತೆ, ಮಳೆಗೆ ಜಾರದ ಹಾಗೆ ಅದಕ್ಕೆ ಸಣ್ಣ ಮರಳು ಬೆರೆಸ್ಬೇಕು. ಆದ್ರೆ ಮಾಸೋದಕ್ಕೆ ಬೇಜಾರಾಗ್ಬೇಡಿ. ಅಮೆರಿಕದ ಪೋರ್ಟ್‌ಲ್ಯಾಂಡ್‌ ಊರಲ್ಲಿ 1996ರಲ್ಲಿ ಒಂದು ನಾಲ್ಕು ದಾರಿ ಕೂಡೋ ಜಾಗಕ್ಕೆ ಅಕ್ಕಪಕ್ಕದೋರೇ ಸೇರಿ ಬಣ್ಣ ಹಚ್ಚಿದ್ರು, ಆಮೇಲೂ ಮತ್ತೆ ಮತ್ತೆ ಸೇರಿ ಹಚ್ತಾ ಬಂದ್ರು, ಬೀದಿಗೆ ಹೊಸದಾಗಿ ಬಂದೋರು ಒಳಗೆ ಸೇರ್ಕೊಳ್ಳೋಕೆ ಇದಕ್ಕಿಂತ ಒಳ್ಳೆ ನೆಪ ಎಲ್ಲಿ ಸಿಗುತ್ತೆ? ಹಂಗಾಗಿ ಪ್ರತಿ ಬಣ್ಣದ ಕೋಡ್ ಬರೆದಿಟ್ಕೊಳ್ಳಿ, ಉಳಿದ ಬಣ್ಣದ ಡಬ್ಬಿ ಬಿಗಿಯಾಗಿ ಮುಚ್ಚಿ ನಂಬರ್ ಸಮೇತ ಯಾರಾದ್ರೂ ಒಬ್ಬರ ಮನೇಲಿ ಇಡಿ.