ಮಧ್ಯಾಹ್ನ ನಾಲ್ಕಕ್ಕೆ ನೋಡಿದ ಸೈಟು

ದುಬೈಯಿಂದಲೋ ಮಸ್ಕತ್‌ನಿಂದಲೋ ನಿವೃತ್ತಿ ಪಡೆದು ಕಾರವಾರದ ಕಡೆ ಮನೆ ಮಾಡಲು ಹೊರಟವರು ಮೊದಲು ಕಳಿಸುವುದು ಒಂದು ವಾಟ್ಸ್‌ಆ್ಯಪ್ ವಿಡಿಯೊ. ತೆಂಗಿನ ಗರಿ ಅಲ್ಲಾಡುತ್ತಿರುತ್ತದೆ, ಹಿಂದೆ ಅಲೆಯ ಸದ್ದು, ನಡುವೆ ಬ್ರೋಕರನ ದನಿ: ‘ನೋಡಿ ಸರ್, ಎಷ್ಟು ಶಾಂತ ಇದೆ!’ ವಿಡಿಯೊ ತೆಗೆದ ಹೊತ್ತು ನೋಡಿದರೆ ಮಧ್ಯಾಹ್ನ ಮೂರೂವರೆ, ನಾಲ್ಕು. ತಿಂಗಳು ಡಿಸೆಂಬರ್ ಇಲ್ಲವೇ ಜನವರಿ, ಅಂದರೆ ರಜೆಗೆ ಊರಿಗೆ ಬಂದ ಕಾಲ. ಅಷ್ಟರಲ್ಲಿ ಮುಂಗಡ ಕೊಟ್ಟೂ ಆಗಿರುತ್ತದೆ. ಆಮೇಲೆ ‘ನೀವೊಮ್ಮೆ ನೋಡಿ ಹೇಳಿ’ ಎಂಬ ಕೋರಿಕೆ.

ಉತಾರ (ಪಹಣಿ), ಬಿನ್‌ಶೇತ್ಕಿ (ಕೃಷಿಯೇತರ ಪರಿವರ್ತನೆ) ಆದೇಶ, ಋಣಭಾರ ಪತ್ರ ಇವನ್ನೆಲ್ಲ ನಿಮ್ಮ ವಕೀಲರು ನೋಡಿಕೊಳ್ಳುತ್ತಾರೆ. ನಾನು ಬರೆಯುತ್ತಿರುವುದು ಮಧ್ಯಾಹ್ನ ನಾಲ್ಕರ ಆ ಶಾಂತಿಯ ಬಗ್ಗೆ, ಅದು ಮುಚ್ಚಿಡುವ ಸದ್ದಿನ ಬಗ್ಗೆ. ಎಷ್ಟು ಸಲ ಹೇಳಿದರೂ ಯಾರ ತಲೆಗೂ ಹೋಗದ ವಿಷಯ ಅದೊಂದೇ.

ನಮ್ಮ ಕರಾವಳಿಯ ನಕ್ಷೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಪಶ್ಚಿಮಕ್ಕೆ ಸಮುದ್ರ. ಅದರ ಮಗ್ಗುಲಲ್ಲೇ ಹಲವು ಕಡೆ ರಾಷ್ಟ್ರೀಯ ಹೆದ್ದಾರಿ 66. ಅದಕ್ಕೂ ಪೂರ್ವಕ್ಕೆ, ಗುಡ್ಡದ ಬದಿಯಲ್ಲಿ ಕೊಂಕಣ ರೈಲು. ನೀವು ಆಸೆಪಟ್ಟ ಸೈಟು ಸಾಮಾನ್ಯವಾಗಿ ಹೆದ್ದಾರಿ ಮತ್ತು ಸಮುದ್ರದ ನಡುವೆ ಇರುತ್ತದೆ. ಮಳೆ ಇಲ್ಲದ ತಿಂಗಳುಗಳಲ್ಲಿ ಬೆಳಗಿನ ಹತ್ತು–ಹನ್ನೊಂದರ ಹೊತ್ತಿಗೆ ಕಡಲಗಾಳಿ ಏಳುತ್ತದೆ, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಜೋರಾಗಿರುತ್ತದೆ. ಈ ಗಾಳಿ ಬೀಸುವುದು ಸಮುದ್ರದಿಂದ ಹೆದ್ದಾರಿಯ ಕಡೆಗೆ. ಗಾಳಿಗೆ ಎದುರಾಗಿ ಬರುವ ಸದ್ದು ನೆಟ್ಟಗೆ ಬರುವುದಿಲ್ಲ, ಮೇಲಕ್ಕೆ ಬಾಗಿ ನಿಮ್ಮ ತಲೆಯ ಮೇಲಿಂದ ಹೋಗಿಬಿಡುತ್ತದೆ. ಉಳಿದದ್ದನ್ನು ತೆಂಗಿನ ಗರಿಯ ಸದ್ದೂ ಅಲೆಯ ಸದ್ದೂ ಮುಚ್ಚಿಹಾಕುತ್ತವೆ. ಹೆದ್ದಾರಿ 300 ಮೀಟರ್ ಆಚೆಗಿದ್ದರೂ ಇಲ್ಲವೇ ಇಲ್ಲ ಅನ್ನಿಸುತ್ತದೆ.

ರಾತ್ರಿ ಎಲ್ಲವೂ ತಿರುಗುಮುರುಗು. ನೆಲ ಬೇಗ ತಣಿಯುತ್ತದೆ, ಗಾಳಿ ಗುಡ್ಡದ ಕಡೆಯಿಂದ ಸಮುದ್ರಕ್ಕೆ ಇಳಿಯುತ್ತದೆ. ಈಗ ಲಾರಿಯ ಸದ್ದೂ ರೈಲಿನ ಹಾರ್ನೂ ಗಾಳಿಯ ಜೊತೆಗೇ ನಿಮ್ಮ ಕಿಟಕಿಗೆ ಬರುತ್ತವೆ. ಇದರ ಮೇಲೆ ಇನ್ನೊಂದು ಕಾರಣ ಸೇರುತ್ತದೆ. ಮೋಡವಿಲ್ಲದ ಚಳಿಗಾಲದ ರಾತ್ರಿಯಲ್ಲಿ ನೆಲದ ಹತ್ತಿರದ ಗಾಳಿ ತಂಪು, ಮೇಲಿನದು ಬೆಚ್ಚಗೆ. ಹಗಲಲ್ಲಿ ಮೇಲೆ ಹಾರಿಹೋಗುತ್ತಿದ್ದ ಸದ್ದನ್ನು ಆ ಬೆಚ್ಚಗಿನ ಪದರ ಮತ್ತೆ ಕೆಳಕ್ಕೆ ಬಾಗಿಸುತ್ತದೆ. ಒಂದೇ ಜಾಗದಲ್ಲಿ, ಅಷ್ಟೇ ವಾಹನ ಓಡುತ್ತಿದ್ದರೂ, ಈ ಎರಡು ಹೊತ್ತಿನ ನಡುವಿನ ಅಂತರ 10 ಡೆಸಿಬಲ್ ಮೀರಬಹುದು. 10 ಡೆಸಿಬಲ್ ಅಂದರೆ ಕಿವಿಗೆ ಸುಮಾರು ಎರಡು ಪಟ್ಟು ಜೋರು. ನಾಲ್ಕು ಗಂಟೆಗೆ ಸೈಟು ನೋಡುವುದೆಂದರೆ ಹುಡುಗ ಮಲಗಿರುವಾಗ ಹೋಗಿ ನೋಡಿ ‘ಬಹಳ ಸಾಧು ಮಗು’ ಎಂದಂತೆ.

‘ಹೈವೇಯಿಂದ ಸಾಕಷ್ಟು ಒಳಗಿದೆ’ ಎಂಬ ಸಮಾಧಾನವನ್ನೂ ಸ್ವಲ್ಪ ಲೆಕ್ಕ ಹಾಕಿ ನೋಡಿ. ಸತತವಾಗಿ ವಾಹನ ಓಡುವ ರಸ್ತೆಯ ಸದ್ದು ದೂರ ಇಮ್ಮಡಿಸಿದಾಗಲೊಮ್ಮೆ ಬರೀ 3 ಡೆಸಿಬಲ್ ಇಳಿಯುತ್ತದೆ. 15 ಮೀಟರಿನಲ್ಲಿ 75 ಇದ್ದರೆ 30ರಲ್ಲಿ 72, 60ರಲ್ಲಿ 69, 120ರಲ್ಲಿ 66. ಗದ್ದೆ, ಹುಲ್ಲುನೆಲ ನಡುವೆ ಇದ್ದರೆ ಇನ್ನಷ್ಟು ಇಳಿಯುತ್ತದೆ, ರಾತ್ರಿ ವಾಹನವೂ ಕಡಿಮೆ, ಹಾಗಾಗಿ ಈ ಅಂಕಿಯನ್ನು ನಿಮ್ಮ ಸೈಟಿಗೆ ಹಾಗೇ ಅನ್ವಯಿಸಬೇಡಿ. ಆದರೆ 2000ದ ಶಬ್ದಮಾಲಿನ್ಯ ನಿಯಮ ವಸತಿ ಪ್ರದೇಶಕ್ಕೆ ಇಟ್ಟ ಮಿತಿ ಹಗಲು 55, ರಾತ್ರಿ 45 ಎಂಬುದನ್ನು ಪಕ್ಕದಲ್ಲಿಟ್ಟುಕೊಂಡು ಓದಿ.

ಇದನ್ನು ಕೇಳಿದವರು ಕೂಡಲೇ ಹೇಳುವುದು, ‘ಒಂದು ಸಾಲು ಗಾಳಿಮರ ನೆಟ್ಟರಾಯಿತಲ್ಲ.’ ಆಗುವುದಿಲ್ಲ. ಕಣ್ಣಿಗೆ ರಸ್ತೆ ಕಾಣದ ಹಾಗೆ ಮಾಡುತ್ತದೆ, ಅಷ್ಟೇ. ಮರಗಳಿಂದ ಸದ್ದು ಗಣನೀಯವಾಗಿ ಇಳಿಯಬೇಕಾದರೆ ನೆಲದಿಂದಲೇ ಪೊದೆಪೊದೆಯಾಗಿ, ಹತ್ತಾರು ಮೀಟರ್ ಅಗಲಕ್ಕೆ ಬೆಳೆದಿರಬೇಕು. ಐದು ಗುಂಟೆಯ ಸೈಟಿನಲ್ಲಿ ಅದನ್ನು ಎಲ್ಲಿ ನೆಡುತ್ತೀರಿ? ಚಿರೆಕಲ್ಲಿನ ಕಂಪೌಂಡು ಮರಕ್ಕಿಂತ ಮೇಲು, ಆದರೆ ಸದ್ದಿನ ಮೂಲಕ್ಕೂ ನಿಮ್ಮ ಕಿವಿಗೂ ನಡುವಿನ ನೇರ ಗೆರೆಯನ್ನು ಅದು ಕಡಿಯಬೇಕು. ಆರಡಿ ಗೋಡೆ ಕೆಳಗಿನ ಜಗಲಿಗೆ ಆದೀತು, ಸಮುದ್ರ ಕಾಣಲಿ ಎಂದು ಮಹಡಿಯಲ್ಲಿ ಇಟ್ಟುಕೊಂಡ ಮಲಗುವ ಕೋಣೆಗೆ ಏನೂ ಮಾಡದು. ಗೇಟಿನ ಸರಳುಗಳ ನಡುವಿನ ಸಂದೂ ಲೆಕ್ಕಕ್ಕೆ ಬರುತ್ತದೆ. ಇನ್ನು ದುಬಾರಿ ಡಬಲ್ ಗ್ಲಾಸ್ ಕಿಟಕಿ. ನಮ್ಮ ಸೆಕೆಯಲ್ಲಿ ಏಪ್ರಿಲ್ ತಿಂಗಳು ಕಿಟಕಿ ಮುಚ್ಚಿ ಮಲಗುವವರು ಯಾರು, ಇಡೀ ರಾತ್ರಿ ಏಸಿ ಹಾಕುವವರನ್ನು ಬಿಟ್ಟರೆ? ತೆರೆದ ಕಿಟಕಿ ಹೊರಗಿನ ಸದ್ದನ್ನು 10–15 ಡೆಸಿಬಲ್‌ಗಿಂತ ಹೆಚ್ಚು ತಗ್ಗಿಸುವುದಿಲ್ಲ. ನಿಮ್ಮ ಲೆಕ್ಕವೆಲ್ಲ ತೆರೆದ ಕಿಟಕಿಯ ಮೇಲೇ ನಡೆಯಲಿ.

ನಿಜವಾಗಿ ಕೆಲಸ ಮಾಡುವುದು ಮನೆಯ ನಕ್ಷೆ. ಸೈಟು ಹೆದ್ದಾರಿಯ ಪಶ್ಚಿಮಕ್ಕಿದ್ದರೆ ಅಡುಗೆಮನೆ, ಬಚ್ಚಲು, ಮೆಟ್ಟಿಲು ಪೂರ್ವಕ್ಕಿರಲಿ, ಮಲಗುವ ಕೋಣೆ ಸಮುದ್ರದ ಕಡೆಗೆ. ಇಡೀ ಮನೆಯೇ ಗೋಡೆಯಾಗುತ್ತದೆ, ಗಾಳಿಯೂ ಸಿಗುತ್ತದೆ. ಹೆದ್ದಾರಿಯ ಪೂರ್ವದ ಸೈಟುಗಳಿಗೆ ಈ ಅನುಕೂಲ ಇಲ್ಲ. ರಸ್ತೆಗೆ ಬೆನ್ನು ಮಾಡಿದರೆ ರೈಲಿಗೆ ಮುಖ ಮಾಡಬೇಕಾಗುತ್ತದೆ.

ರೈಲಿನ ವಿಷಯದಲ್ಲಿ ಜನ ಹಳಿಯ ದೂರ ಮಾತ್ರ ಕೇಳುತ್ತಾರೆ. 2022ರ ಹೊತ್ತಿಗೆ ಇಡೀ ಮಾರ್ಗಕ್ಕೆ ವಿದ್ಯುತ್ ಬಂತು, ಡೀಸೆಲ್ ಎಂಜಿನ್ನಿನ ಗುಡುಗು ಕಡಿಮೆಯಾಯಿತು, ಹಾರ್ನ್ ಮಾತ್ರ ಹಾಗೇ ಇದೆ. ಆದ್ದರಿಂದ ಹುಡುಕಬೇಕಾದ್ದು ಸೀಟಿ ಹಾಕಲು ಸೂಚಿಸುವ ಹಳದಿ ಫಲಕವನ್ನು. ರೈಲ್ವೆ ಗೇಟಿಗೆ ಸುಮಾರು 600 ಮೀಟರ್ ಮುಂಚೆ ಅದು ನಿಂತಿರುತ್ತದೆ. ಹಳಿ ಅರ್ಧ ಕಿಲೋಮೀಟರ್ ದೂರವಿದ್ದು ಫಲಕ ನಿಮ್ಮ ನೇರಕ್ಕಿದ್ದರೆ, ಫಲಕವಿಲ್ಲದ ಕಡೆ ಇನ್ನೂ ಹತ್ತಿರ ಇರುವವನೇ ನಿಮಗಿಂತ ಸುಖಿ. ನಮ್ಮಲ್ಲಿ ಇರುವುದು ಒಂಟಿ ಹಳಿ. ಶಿರವಾಡ, ಅಸ್ನೋಟಿಯಂಥ ನಿಲ್ದಾಣದ ಹತ್ತಿರ ಎದುರಿನ ಗಾಡಿಗೆ ದಾರಿ ಬಿಡಲು ನಿಂತ ಗೂಡ್ಸು ಮತ್ತೆ ಹೊರಡುವಾಗಲೂ ಹಾರ್ನ್ ಇದೆ. ನದಿಯ ದಡದವರಿಗೆ ಬೇರೆ ತೊಂದರೆ: ನೀರಿನ ಮೇಲೆ ಸದ್ದು ಸರಾಗವಾಗಿ ಸಾಗುತ್ತದೆ. ಹೊನ್ನಾವರದಲ್ಲಿ ಶರಾವತಿಯ ಮೇಲಿನ ರೈಲು ಸೇತುವೆ 2 ಕಿಲೋಮೀಟರಿಗೂ ಉದ್ದ, ಗಾಡಿ ಅದನ್ನು ದಾಟಿ ಮುಗಿಸುವವರೆಗೂ ದಡದ ಜಗಲಿಗೆ ಕೇಳುತ್ತದೆ.

ಬಂದರಿನ ಹತ್ತಿರ ಮನೆ ನೋಡುವವರು ಕ್ಯಾಲೆಂಡರ್ ನೋಡಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ. ಆಗ ಬೈತಖೋಲ, ತದಡಿಯ ಸುತ್ತ ಬಂದು ‘ಎಷ್ಟು ನಿಶ್ಶಬ್ದ’ ಅಂದವರಿಗೆ ಆಗಸ್ಟ್‌ನಲ್ಲಿ ಎಂಜಿನ್ ಶುರುವಾದಾಗ ಗೊತ್ತಾಗುತ್ತದೆ. ಬೋಟಿಗಿಂತ ಐಸ್ ಫ್ಯಾಕ್ಟರಿಯ ಕಂಪ್ರೆಸರ್ ಕೆಟ್ಟದ್ದು, ರಾತ್ರಿಯಿಡೀ ಒಂದೇ ಶ್ರುತಿಯಲ್ಲಿ ಗುಂಯ್‌ಗುಡುತ್ತದೆ. ಮೀನು ಲಾರಿ ಹೊರಡುವ ದಾರಿ ಯಾವುದೆಂದೂ ಕೇಳಿಕೊಳ್ಳಿ.

ಹಬ್ಬ, ಜಾತ್ರೆ, ಬಯಲಾಟದ ಬಗ್ಗೆ ದೂರು ತಂದರೆ ಮಾತ್ರ ನಾನು ನಿಮ್ಮ ಪಕ್ಷ ವಹಿಸಲಾರೆ. ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ, ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿವರೆಗೆ ಸಡಿಲಿಕೆ ಕೊಡುವ ಅಧಿಕಾರ ಸರ್ಕಾರಕ್ಕಿದೆ. ಕಾಗದದ ಮೇಲೆ ನೀವು ಸರಿ. ಆದರೆ ಊರಿನ ಬಂಡಿಹಬ್ಬಕ್ಕೆ ಪೊಲೀಸರನ್ನು ಕರೆಸಿದ ಹೊಸ ಮನೆಯವರಿಗೆ ಮರುದಿನ ತೆಂಗಿನಕಾಯಿ ಕೊಯ್ಯುವವನೂ ಸಿಗುವುದಿಲ್ಲ. ಗದ್ದಲ ಬೇಡವೆಂದು ಶಿರಸಿ ಪೇಟೆಯಲ್ಲಿ ಫ್ಲ್ಯಾಟು ನೋಡುವವರಿಗೂ ಇದೇ ಮಾತು: ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆ ಗದ್ದುಗೆಗೆ ಬರುತ್ತಾಳೆ, ಆ ದಿನಗಳಲ್ಲಿ ಒಂದೋ ಜಾತ್ರೆಗೆ ಹೋಗಿ, ಇಲ್ಲವೇ ಮಗಳ ಮನೆಗೆ ಹೋಗಿ.

ದೂರುವುದಿದ್ದರೆ ಶನಿವಾರ ರಾತ್ರಿಯ ಹೋಂಸ್ಟೇ ಡಿಜೆಯನ್ನು ದೂರಿ. ‘ಮುಂದೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಇದೆ, ಏನೂ ಬರುವುದಿಲ್ಲ’ ಎಂದು ಮಾರುವವರು ಹೇಳುತ್ತಾರೆ. ಸಿಆರ್‌ಝಡ್ ನಿರ್ಬಂಧಿಸುವುದು ಕಟ್ಟಡವನ್ನು, ಸ್ಪೀಕರನ್ನಲ್ಲ. 2019ರ ಅಧಿಸೂಚನೆಯಲ್ಲಿ ಕಡಲತೀರದ ತಾತ್ಕಾಲಿಕ ಪ್ರವಾಸಿ ಸೌಕರ್ಯಗಳಿಗೆ ಅವಕಾಶವೂ ಇದೆ. ಅಂಕೋಲಾ ಕಡೆ ನೋಡುವವರು ಅಲಗೇರಿಯ ವಿಮಾನ ನಿಲ್ದಾಣದ ಯೋಜನೆ ಎಲ್ಲಿಯವರೆಗೆ ಬಂದಿದೆ ಎಂದು ವಿಚಾರಿಸದೆ ಮುಂದುವರಿಯಬೇಡಿ.

ಪರೀಕ್ಷೆ ಸುಲಭ. ರಾತ್ರಿ 10ರಿಂದ 11, ಬೆಳಗಿನ ಜಾವ 3.30ರಿಂದ 5.30, ಇದರಲ್ಲಿ ಒಂದು ರಾತ್ರಿ ಶನಿವಾರದ್ದಾಗಿರಲಿ. ಸೈಟಿನಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಗಾಜು ಇಳಿಸಿ ಕುಳಿತುಕೊಳ್ಳಿ, ಸೊಳ್ಳೆಗೆ ಏನಾದರೂ ಹಚ್ಚಿಕೊಂಡು. ಕೇಳಿದ ಪ್ರತಿ ಸದ್ದನ್ನೂ ಹೊತ್ತಿನ ಸಮೇತ ಬರೆಯಿರಿ. ಮೊಬೈಲಿನ ಡೆಸಿಬಲ್ ಆ್ಯಪ್ ತೋರಿಸುವ ಅಂಕಿಯನ್ನು ನಂಬಬೇಡಿ, ಅದೇ ಫೋನಿನಲ್ಲಿ ಮಧ್ಯಾಹ್ನ ನಾಲ್ಕಕ್ಕೂ ಅಳೆದು ವ್ಯತ್ಯಾಸವನ್ನು ಮಾತ್ರ ನಂಬಿ. ಹಾಲು ಹಾಕುವವರನ್ನೂ ಪೇಪರ್ ಹುಡುಗನನ್ನೂ ಕೇಳಿ, ಆ ಹೊತ್ತಿಗೆ ಎದ್ದಿರುವವರು ಅವರೇ.

ಸದ್ದಿಲ್ಲದ ಜಾಗ ಸಿಕ್ಕ ಖುಷಿಯಲ್ಲಿ ದಾರಿ ಮರೆಯಬೇಡಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಬಂದಾಯಿತು, ಆಗಸ್ಟ್‌ನಲ್ಲಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ದೊಡ್ಡ ಚಿಕಿತ್ಸೆಗೆ ಗೋವಾಕ್ಕೋ ಮಣಿಪಾಲಕ್ಕೋ ಹುಬ್ಬಳ್ಳಿಗೋ ಓಡುವ ಜಿಲ್ಲೆ ನಮ್ಮದು. ಹೃದಯದ ತೊಂದರೆ ಇದ್ದವರು ಒಂದೇ ದಾರಿ ಇರುವ ಸಣ್ಣ ಕೇರಿಯಲ್ಲಿ ಮನೆ ಮಾಡುವುದು ನನಗೆ ಒಪ್ಪಿಗೆಯಲ್ಲ. ವೈದ್ಯರನ್ನು ಕೇಳಿ ನಿರ್ಧರಿಸಿ. ತೋಟದ ಮನೆಯ ಆಸೆ ಇರುವವರಿಗೆ ಒಂದು ಎಚ್ಚರಿಕೆ: ಎನ್‌ಆರ್‌ಐ ಆಗಿರುವಾಗ, ಅಥವಾ ಓಸಿಐ (ಭಾರತೀಯ ಮೂಲದ ವಿದೇಶಿ ಪ್ರಜೆಗಳ) ಕಾರ್ಡಿನ ಮೇಲೆ, ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ.

ನನ್ನನ್ನು ಕೇಳಿದರೆ ಮೊದಲು ಅದೇ ಕೇರಿಯಲ್ಲಿ 11 ತಿಂಗಳ ಕರಾರಿನ ಮೇಲೆ ಬಾಡಿಗೆಗೆ ಇರಿ, ಜೂನ್‌ನಲ್ಲೇ ಶುರುವಾಗಲಿ. ಆಷಾಢದಲ್ಲಿ ಕಡಲು ಮೊರೆಯುವುದು, ಪಕ್ಕದ ಮನೆಯ ತಗಡಿನ ಶೀಟಿನ ಮೇಲೆ ಮಳೆ ಬಡಿಯುವುದು, ಏಪ್ರಿಲ್‌ನಲ್ಲಿ ಬಾವಿ ನೀರು ಉಪ್ಪಾಗುವುದು ಎಲ್ಲ ಅಷ್ಟರೊಳಗೆ ತಿಳಿಯುತ್ತದೆ. ಅಲ್ಲಿಯವರೆಗೆ ಮುಂಗಡ ಬೇಡ. ಬ್ರೋಕರ್ ‘ಬೇರೆ ಪಾರ್ಟಿ ಕಾಯ್ತಾ ಇದೆ ಸರ್’ ಅಂದರೆ ಆ ಪಾರ್ಟಿಗೇ ಕೊಡಲು ಹೇಳಿ.