ಓದುಗರ ಪ್ರಶ್ನೆ: ಮಲೇರಿಯಾ ರೋಗಿಯ ಕಣ್ಣಿನ ಫೋಟೊ ಯಾಕೆ ತೆಗೆಯುತ್ತಾರೆ?

ಪ್ರಶ್ನೆ: ತೀವ್ರ ಮಲೇರಿಯಾ ಆದವರ ಕಣ್ಣಿನ ಒಳಗಿನ ಫೋಟೊ ತೆಗೆಯುತ್ತಾರಂತೆ. ಹಾಗಾದರೆ ಮಲೇರಿಯಾದಿಂದ ಕಣ್ಣು ಹೋಗುತ್ತಾ?

ಸಾಮಾನ್ಯವಾಗಿ ಹೋಗುವುದಿಲ್ಲ. ನೋಡುವುದು ಕಣ್ಣನ್ನೇ ಆದರೂ ವೈದ್ಯರಿಗೆ ಚಿಂತೆ ಇರುವುದು ಮಿದುಳಿನದು.

ಫಾಲ್ಸಿಪ್ಯಾರಮ್ ಎಂಬ ಬಗೆಯ ಮಲೇರಿಯಾದಲ್ಲಿ ಪರಾವಲಂಬಿ (ಮಲೇರಿಯಾ ತರುವ ಸೂಕ್ಷ್ಮಜೀವಿ) ಹೊಕ್ಕ ಕೆಂಪು ರಕ್ತಕಣದ ಮೈಮೇಲೆ ಸಣ್ಣ ಸಣ್ಣ ಗಂಟುಗಳು ಏಳುತ್ತವೆ. ಗದ್ದೆ ಬದುವಿನಲ್ಲಿ ಓಡಾಡಿದರೆ ಉತ್ತರಾಣಿ ಬೀಜ ಪಂಚೆಗೆ ಕಚ್ಚಿಕೊಳ್ಳುತ್ತದಲ್ಲ, ಹಾಗೆ ಈ ಕಣಗಳು ಸಣ್ಣ ರಕ್ತನಾಳಗಳ ಒಳಗೋಡೆಗೆ ಕಚ್ಚಿಕೊಳ್ಳುತ್ತವೆ. ಮಿದುಳಿನ ನಾಳಗಳಲ್ಲಿ ಇದು ಜಾಸ್ತಿಯಾದರೆ ರೋಗಿ ಕೋಮಾಕ್ಕೆ ಹೋಗುತ್ತಾನೆ. ಅಲ್ಲಿ ಏನಾಗುತ್ತಿದೆ ಎಂದು ತಲೆಬುರುಡೆ ತೆರೆದು ನೋಡಲಾಗುವುದಿಲ್ಲ. ಆದರೆ ರೆಟಿನಾ, ಅಂದರೆ ಕಣ್ಣಿನ ಹಿಂಬದಿಯ ಪರದೆ, ಹುಟ್ಟಿನಿಂದಲೇ ಮಿದುಳಿನ ಒಂದು ಭಾಗ. ಅದರ ರಕ್ತನಾಳಗಳೂ ಅದೇ ಜಾತಿಯವು. ಪಾಪೆ ಹಿಗ್ಗಿಸಿ ಬೆಳಕು ಬಿಟ್ಟರೆ ನೇರವಾಗಿ ಕಾಣುತ್ತವೆ.

ಈ ವಿಷಯದಲ್ಲಿ ಹೆಚ್ಚು ಕೆಲಸ ನಡೆದಿರುವುದು ಆಫ್ರಿಕಾದ ಮಲಾವಿ ದೇಶದ ಬ್ಲಾಂಟೈರ್ ನಗರದಲ್ಲಿ. ಅಲ್ಲಿನ ತೊಂದರೆ ಬೇರೆ ಥರದ್ದು. ಎಷ್ಟೋ ಮಕ್ಕಳ ರಕ್ತದಲ್ಲಿ ಮಲೇರಿಯಾ ಪರಾವಲಂಬಿ ಸುಮ್ನೆ ಇರುತ್ತದೆ, ಕಾಯಿಲೆ ಇರುವುದಿಲ್ಲ. ಅಂಥ ಮಗು ಬೇರಾವುದೋ ಕಾಯಿಲೆಯಿಂದ ಪ್ರಜ್ಞೆ ತಪ್ಪಿ ಬಂದರೂ ರಕ್ತಪರೀಕ್ಷೆ ಮಲೇರಿಯಾ ಎಂದೇ ಹೇಳುತ್ತದೆ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮಿದುಳಿನ ಮಲೇರಿಯಾ ಎಂದು ಗುರುತಿಸಿದ್ದ, ತೀರಿಕೊಂಡ 31 ಮಕ್ಕಳ ಮರಣೋತ್ತರ ಪರೀಕ್ಷೆ ನಡೆಯಿತು. 7 ಮಕ್ಕಳ ಸಾವಿಗೆ ಕಾರಣ ಬೇರೆಯೇ ಇತ್ತು. ಆ ಎರಡು ಗುಂಪುಗಳನ್ನು ಬದುಕಿದ್ದಾಗಲೇ ಬೇರೆ ಮಾಡಿ ತೋರಿಸಬಲ್ಲ ಒಂದೇ ಲಕ್ಷಣ ಕಣ್ಣಿನೊಳಗಿತ್ತು. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇದೇ.

ಫೋಟೊದಲ್ಲಿ ಏನು ಕಾಣುತ್ತದೆ? ರಕ್ತ ಸರಿಯಾಗಿ ತಲುಪದ ಕಡೆ ರೆಟಿನಾ ಬಿಳಿಚಿಕೊಂಡು ತೇಪೆ ತೇಪೆಯಾಗಿರುತ್ತದೆ. ಅಲ್ಲಲ್ಲಿ ರಕ್ತಸ್ರಾವದ ಚುಕ್ಕೆಗಳು, ಕೆಲವದರ ನಡುವೆ ಬಿಳಿ ಬೊಟ್ಟು. ಈ ರಕ್ತಸ್ರಾವದ ಚುಕ್ಕೆಗಳು ಬೇರೆ ಕಾಯಿಲೆಗಳಲ್ಲೂ ಕಾಣಬಹುದು. ವಿಚಿತ್ರವಾದದ್ದು ರಕ್ತನಾಳಗಳ ಬಣ್ಣ. ಕೆಂಪಗಿರಬೇಕಾದ ನಾಳ ಕಿತ್ತಳೆ ಬಣ್ಣಕ್ಕೋ ಬಿಳಿಗೋ ತಿರುಗಿರುತ್ತದೆ. ಪರಾವಲಂಬಿ ಹಿಮೋಗ್ಲೋಬಿನ್ ತಿಂದು ಮುಗಿಸಿದ ಕಣಗಳು ಅಲ್ಲಿ ಸಾಲಾಗಿ ಅಂಟಿ ಕುಳಿತಿರುತ್ತವೆ, ಅದಕ್ಕೆ. ಇನ್ನು ಕಣ್ಣಿನ ನರದ ಬುಡ ಊದಿಕೊಂಡಿದ್ದರೆ ವೈದ್ಯರ ಮುಖ ಗಂಭೀರವಾಗುತ್ತದೆ. ತಲೆಯೊಳಗೆ ಒತ್ತಡ ಏರಿದೆ ಎಂಬ ಸೂಚನೆ ಅದು.

ಇನ್ನೂ ಆಳವಾಗಿ ನೋಡಬೇಕಾದರೆ ಕೈಯ ರಕ್ತನಾಳಕ್ಕೆ ಫ್ಲೋರೆಸಿನ್ ಎಂಬ ಬಣ್ಣ ಚುಚ್ಚಿ, ನೀಲಿ ಬೆಳಕಿನಲ್ಲಿ ಒಂದರ ಹಿಂದೆ ಒಂದು ಫೋಟೊ ತೆಗೆಯುತ್ತಾರೆ. ರಕ್ತ ಹರಿಯುವ ನಾಳ ಹಸಿರಾಗಿ ಹೊಳೆಯುತ್ತದೆ, ಕಟ್ಟಿಕೊಂಡದ್ದು ಕಪ್ಪಾಗಿಯೇ ಉಳಿಯುತ್ತದೆ. ಮಾರನೇ ದಿನ ಮೂತ್ರ ಹಳದಿಯಾದರೆ ಗಾಬರಿ ಬೇಡ, ಅದು ಆ ಬಣ್ಣವೇ.

ಕ್ಯಾಮೆರಾ ಇಲ್ಲದಿದ್ದರೂ ಪಳಗಿದ ವೈದ್ಯರು ತಲೆಗೆ ಕಟ್ಟಿಕೊಳ್ಳುವ ದೀಪ ಮತ್ತು ಕೈಯಲ್ಲಿ ಹಿಡಿಯುವ ಲೆನ್ಸಿನಲ್ಲೇ ಇದನ್ನೆಲ್ಲ ನೋಡುತ್ತಾರೆ. ಫೋಟೊದ ಲಾಭ ಏನೆಂದರೆ ದೂರದ ತಜ್ಞರಿಗೆ ಕಳಿಸಬಹುದು, ನಾಳೆಯದರ ಜೊತೆ ಹೋಲಿಸಬಹುದು. ಒಂದು ಎಚ್ಚರಿಕೆ ಮಾತ್ರ ಬೇಕು. ಪಾಪೆ ಹಿಗ್ಗಿಸುವ ಹನಿ ಹಾಕಿದ ಮೇಲೆ ಕೆಲವು ಗಂಟೆ ಟಾರ್ಚ್ ಬಿಟ್ಟರೂ ಪಾಪೆ ಸರಿಯಾಗಿ ಕುಗ್ಗುವುದಿಲ್ಲ. ಕೋಮಾದ ರೋಗಿಯಲ್ಲಿ ಮಿದುಳು ಹೇಗಿದೆ ಎಂಬುದಕ್ಕೆ ಪಾಪೆಯೇ ದೊಡ್ಡ ಸುಳಿವು, ಅಲ್ವಾ? ಅದಕ್ಕೇ ಹನಿ ಹಾಕಿದ ಹೊತ್ತನ್ನು ಕೇಸ್‌ಶೀಟಿನಲ್ಲಿ ಬರೆದಿಡಬೇಕು.

ನಮ್ಮಲ್ಲಿ ಮಲೇರಿಯಾ ಎಂದ ಕೂಡಲೇ ಮಂಗಳೂರು ನೆನಪಾಗುತ್ತದೆ. ಅಲ್ಲಿ ಹೆಚ್ಚಾಗಿ ಕಾಣುವುದು ವೈವಾಕ್ಸ್ ಎಂಬ ಇನ್ನೊಂದು ಬಗೆಯ ಮಲೇರಿಯಾ. ಈ ಮೇಲೆ ಹೇಳಿದ್ದೆಲ್ಲ ಮುಖ್ಯವಾಗಿ ಫಾಲ್ಸಿಪ್ಯಾರಮ್ ಕಥೆ. ಹಾಗಾಗಿ ಸಾಧಾರಣ ಮಲೇರಿಯಾ ಜ್ವರಕ್ಕೆಲ್ಲ ಕಣ್ಣಿನ ಫೋಟೊ ತೆಗೆಸಬೇಕು ಎಂದೇನಿಲ್ಲ. ಕ್ಲೋರೋಕ್ವಿನ್ ಮಾತ್ರೆಯಿಂದ ಕಣ್ಣು ಹಾಳಾಗುತ್ತದೆ ಎಂಬ ಮಾತೂ ಕಿವಿಗೆ ಬಿದ್ದಿರಬಹುದು. ಅದು ಬೇರೆ ಕಾಯಿಲೆಗಳಿಗೆ ವರ್ಷಗಟ್ಟಲೆ ನುಂಗುವವರ ಸಮಸ್ಯೆ, ಜ್ವರಕ್ಕೆ ಮೂರು ದಿನ ನುಂಗುವವರದ್ದಲ್ಲ.

ಬದುಕುಳಿದ ಮಕ್ಕಳಲ್ಲಿ ರೆಟಿನಾದ ಕಲೆಗಳು ಮಾಯುತ್ತವೆ, ನೋಟ ಸಾಮಾನ್ಯವಾಗಿ ಚೆನ್ನಾಗೇ ಇರುತ್ತದೆ. ಅಪರೂಪಕ್ಕೆ ಕುರುಡು ಉಳಿದರೆ ಏಟು ಬಿದ್ದಿರುವುದು ಹೆಚ್ಚಾಗಿ ಮಿದುಳಿನ ನೋಟದ ಭಾಗಕ್ಕೆ. ಬ್ಲಾಂಟೈರ್‌ನಲ್ಲಿ ಕಣ್ಣಿನೊಳಗೆ ಈ ಗುರುತುಗಳಿದ್ದು ಬದುಕುಳಿದ ಮಕ್ಕಳ ಮೇಲೆ ಮುಂದೆ ನಿಗಾ ಇಟ್ಟಾಗ, ಹೆಚ್ಚುಕಡಿಮೆ ಮೂರರಲ್ಲಿ ಒಬ್ಬರಿಗೆ ಮೂರ್ಛೆರೋಗವೋ, ನಡವಳಿಕೆ ಅಥವಾ ಬೆಳವಣಿಗೆಯ ತೊಂದರೆಯೋ ಕಾಣಿಸಿಕೊಂಡಿತ್ತು. ಮನೆಗೆ ಬಂದ ಮೇಲೆ ತಂದೆತಾಯಿ ಗಮನ ಕೊಡಬೇಕಾದದ್ದು ಅವಕ್ಕೇ.