‘ಅಡ್ಡಿಲ್ಲೆ’ ಮತ್ತು ಹತ್ತು ಸೆಂಟಿಮೀಟರ್ ಗೆರೆ

ಶಿರಸಿ-ಸಿದ್ದಾಪುರದ ಕಡೆ ಯಾರನ್ನು ‘ಹೇಗಿದ್ದೀರಿ’ ಎಂದು ಕೇಳಿದರೂ ಬರುವ ಉತ್ತರ ‘ಅಡ್ಡಿಲ್ಲೆ’. ಕಿಮೋಥೆರಪಿಗೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗಿಬರುವ ಹೆಂಗಸರೂ ಡಾಕ್ಟರ ಎದುರು ಇದನ್ನೇ ಹೇಳುತ್ತಾರೆ. ರಾತ್ರಿಯಿಡೀ ವಾಂತಿಯಾದ ಸಂಗತಿ ಜೊತೆಗೆ ಬಂದ ಸೊಸೆಯ ಬಾಯಿಂದ ಆಮೇಲೆ ಹೊರಬೀಳುತ್ತದೆ. ಬೇರೆ ಅಂಗಗಳಿಗೆ ಹರಡಿದ ಸ್ತನ ಕ್ಯಾನ್ಸರ್ ಸಾಮಾನ್ಯವಾಗಿ ಪೂರ್ತಿ ಗುಣವಾಗುವುದಿಲ್ಲವಾದ್ದರಿಂದ, ಆಯುಷ್ಯವನ್ನು ಹಿಗ್ಗಿಸುವುದರ ಜೊತೆಗೆ ಉಳಿದ ದಿನಗಳನ್ನು ಸಹ್ಯವಾಗಿಸುವುದೂ ಚಿಕಿತ್ಸೆಯ ಗುರಿ. ಆದರೆ ಈ ಎರಡನೆಯದನ್ನು ಅಳೆಯುವ ಗೋಜಿಗೆ ಔಷಧ ಪ್ರಯೋಗಗಳು ಬಹುಕಾಲ ಹೋಗಲಿಲ್ಲ.

1940ರ ದಶಕದ ಕೊನೆಯಲ್ಲಿ ಬಂದ, ದಿನನಿತ್ಯದ ಕೆಲಸ ಮಾಡಿಕೊಳ್ಳುವ ಶಕ್ತಿಯನ್ನು ಅಳೆಯುವ ಕಾರ್ನೋಫ್ಸ್ಕಿ ಮಾಪನದಲ್ಲಿ ರೋಗಿಗೆ 0ರಿಂದ 100ರವರೆಗೆ ಅಂಕ ಹಾಕುತ್ತಿದ್ದವರು ವೈದ್ಯರು. 1976ರಲ್ಲಿ ಬ್ರಿಟನ್ನಿನ ವೈದ್ಯರಾದ ಪ್ರೀಸ್ಟ್‌ಮನ್ ಮತ್ತು ಬಾಮ್, ಮುಂದುವರಿದ ಸ್ತನ ಕ್ಯಾನ್ಸರಿನ ಚಿಕಿತ್ಸೆಯಲ್ಲಿದ್ದವರ ಕೈಗೇ ಪೆನ್ನು ಕೊಟ್ಟರು. ಹಾಳೆಯ ಮೇಲೆ 10 ಸೆಂಟಿಮೀಟರ್ ಉದ್ದದ ಗೆರೆ. ಒಂದು ತುದಿ ಅತಿ ಕೆಟ್ಟ ಸ್ಥಿತಿ, ಇನ್ನೊಂದು ತುದಿ ಅತಿ ಒಳ್ಳೆಯದು. ತನಗೆ ಅನಿಸಿದ ಕಡೆ ಅಡ್ಡಗೀಟು ಹಾಕಿದರಾಯಿತು.

ಈ ಸರಳ ಗೆರೆಯ ನಿಜವಾದ ಬೆಲೆ ತಿಳಿದದ್ದು 1987ರಲ್ಲಿ. ಕಿಮೋವನ್ನು ಮೂರು ಸುತ್ತಿಗೆ ನಿಲ್ಲಿಸಿ, ರೋಗ ಮತ್ತೆ ತಲೆಯೆತ್ತಿದಾಗ ಮುಂದುವರಿಸಿದರೆ ರೋಗಿಗೆ ಬಿಡುವು ಸಿಕ್ಕಿ ನೆಮ್ಮದಿಯಾಗಬಹುದೆಂಬುದು ಒಪ್ಪಬಹುದಾದ ಊಹೆಯೇ ಆಗಿತ್ತು. ಸಂಶೋಧಕ ಕೋಟ್ಸ್ ಮತ್ತು ಸಂಗಡಿಗರು ಆಸ್ಟ್ರೇಲಿಯಾ-ನ್ಯೂಜಿಲೆಂಡಿನಲ್ಲಿ ಇದನ್ನು ಬಿಡುವಿಲ್ಲದ ಕಿಮೋದೊಂದಿಗೆ ಹೋಲಿಸಿ ನೋಡಿದಾಗ, ಬಿಡುವಿಲ್ಲದೆ ಔಷಧ ಪಡೆದವರೇ ತಮ್ಮ ಸ್ಥಿತಿ ಮೇಲೆಂದು ಗೀಟು ಹಾಕಿದ್ದರು. ಔಷಧದ ಅಡ್ಡ ಪರಿಣಾಮಕ್ಕಿಂತ ಹತೋಟಿ ತಪ್ಪಿದ ರೋಗವೇ ಹೆಚ್ಚು ಕಾಡುತ್ತಿತ್ತೆಂದು ಕಾಣುತ್ತದೆ.

1993ರಲ್ಲಿ ಯುರೋಪಿನ ಇಒಆರ್‌ಟಿಸಿ ಎಂಬ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯಿಂದ, ರೋಗಿಯೇ ತನ್ನ ಸ್ಥಿತಿಯ ಬಗ್ಗೆ ತುಂಬುವ 30 ಪ್ರಶ್ನೆಗಳ ಪತ್ರಿಕೆ ಬಂತು, 1996ರಲ್ಲಿ ಸ್ತನ ಕ್ಯಾನ್ಸರಿಗೆಂದೇ ಇನ್ನೂ 23 ಪ್ರಶ್ನೆಗಳು ಸೇರಿದವು. 30 ಪ್ರಶ್ನೆಗಳ ಪತ್ರಿಕೆಯ ಮೊದಲ ಪ್ರಶ್ನೆ, ಭಾರದ ಚೀಲವನ್ನೋ ಸೂಟ್‌ಕೇಸನ್ನೋ ಎತ್ತಲು ಕಷ್ಟವಾಗುತ್ತದೆಯೇ ಎಂಬುದು. ಕುಮಟಾದ ಮೀನು ಮಾರುವ ಹೆಂಗಸಿಗೆ ಸೂಟ್‌ಕೇಸಿಗಿಂತ ತಲೆಯ ಮೇಲಿನ ಬುಟ್ಟಿಯನ್ನು ಕೇಳಿದರೆ ಲೆಕ್ಕ ಸಿಗುತ್ತದೆ.

ಇನ್ನೊಂದು ತೊಡಕಿದೆ. ಹೆಚ್ಚಿನ ಪ್ರಶ್ನೆಗಳು ಕಳೆದ ಒಂದು ವಾರದ ಬಗ್ಗೆ. ಮೂರು ವಾರಕ್ಕೊಮ್ಮೆ ಕಿಮೋ ಪಡೆಯುವವರು ಮುಂದಿನ ಸುತ್ತಿಗೆ ಬಂದ ದಿನ ಪತ್ರಿಕೆ ತುಂಬಿದರೆ, ವಾಂತಿಯ ವಾರ ಅದರಲ್ಲಿ ಸಿಕ್ಕುವುದೇ ಇಲ್ಲ. ಬಸ್ಸು ಹತ್ತುವಷ್ಟೂ ತ್ರಾಣವಿಲ್ಲದೆ ಮನೆಯಲ್ಲೇ ಉಳಿದವರ ಹಾಳೆಯಂತೂ ಖಾಲಿ. ಅವರನ್ನು ಬಿಟ್ಟು ಸರಾಸರಿ ತೆಗೆದರೆ, ಇಡೀ ಗುಂಪು ಇರುವುದಕ್ಕಿಂತ ಆರಾಮಾಗಿ ಕಾಣುತ್ತದೆ.